ಉಡಿ ಝಾಡಿಸುವ ಸಾಲು

ನಮ್ಮವ್ವ ಸಕ್ರವ್ವ ಬಿಸಿಲಿಗೆ ಬಿದ್ದಳು. ಬಿದ್ದದ್ದಕ್ಕೆ ಕಳ್ಳಿ ಅನ್ನಿಸಿಕೊಂಡಳು. ನೀರು ಕೊಡಲಿಲ್ಲ, ನೆರಳು ಕೊಡಲಿಲ್ಲ, ಹೆಸರು ಮಾತ್ರ ಪುಕ್ಕಟೆ ಕೊಟ್ಟರು. ಆ ಹೆಸರನ್ನು ಕೊಟ್ಟವರಿಗೇ ಹೇಗೆ ತಿರುಗಿ ಒಪ್ಪಿಸಿ ಬಂದೆವು ಅನ್ನೋದನ್ನು ಹೇಳುತ್ತೇನೆ. ಹೇಳುವಾಗ ನನಗೆ ಸಿಟ್ಟು ಬರುತ್ತದೆ. ನಡುವೆ ನಗುವೂ ಬರುತ್ತದೆ. ಎರಡನ್ನೂ ನಾನು ತಡೆಯುವವಳಲ್ಲ.

ನಾನು ಗೌತಮಿ. ನಮ್ಮೂರು ರಾಜೂರ. ಊರು ಅಂದರೆ ಊರಾಚೆಯ ಕೇರಿ. ಶಿವರಾತ್ರಿ ದಾಟಿತೆಂದರೆ ಕೇರಿಯ ಹೆಂಗಸರೆಲ್ಲ ಗಜೇಂದ್ರಗಡದ ರಸ್ತೆಗಿರುವ ಮೆಣಸಿನಕಾಯಿ ಕಣಕ್ಕೆ ಹೋಗುತ್ತೇವೆ. ಕಣ ದ್ಯಾಮಪ್ಪ ಸಾವ್ಕಾರರದು. ಅವರ ಮೊಣಕಾಲು ಹಿಡಿದಾಗಿನಿಂದ ಮಗ ಕಳಕೇಶ ನೋಡಿಕೊಳ್ಳುತ್ತಾನೆ. ಇನ್ನೂ ಹುಡುಗುತನ ಬಿಡದ ಗಂಡಸು. ಗದಗಿಗೆ ಹೋಗಿ ಜಿಮ್ಮಿನಲ್ಲಿ ತೋಳು ಬೆಳೆಸಿದ್ದಾನೆ. ಎದೆಬಡಿತ ಎಣಿಸುವ ಗಡಿಯಾರ ಕಟ್ಟುತ್ತಾನೆ. ತಗಡಿನ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತು ತನ್ನ ಎದೆ ಬಡಿಯುತ್ತಿದೆಯೋ ಇಲ್ಲವೋ ಎಂದು ಆಗಾಗ ನೋಡಿಕೊಳ್ಳುತ್ತಾನೆ.

ನಾವು ಕಾಯಿಯ ನಡುವೆ ಕೂರುತ್ತೇವೆ. ಬೆಳಗಿನಿಂದ ತೊಟ್ಟು ಮುರಿಯುವುದು, ಬಿಳಿಚಿದ ಕಾಯಿ ಆರಿಸಿ ಎಸೆಯುವುದು. ಮಧ್ಯಾಹ್ನ ಎದ್ದು ಕಾಲು ಎಳೆದೆಳೆದು ಹಾಸಿದ ಕಾಯಿಯನ್ನೆಲ್ಲ ಹೊರಳಿಸುವುದು. ಮೇಲೆ ಬಿಸಿಲು. ಕೆಳಗೆ ಕಾದ ತಾಡಪಾಲು. ನಡುವೆ ಘಾಟು. ಕೈ ಉರಿಯುತ್ತದೆ, ಬೆವರು ಕಣ್ಣಿಗಿಳಿಯುತ್ತದೆ, ಉರಿಯುವ ಕೈಯಿಂದ ಒರೆಸುವ ಹಾಗಿಲ್ಲ. ಹಾಲು ಕುಡಿಸುವ ತಾಯಿ ಮನೆಗೆ ಹೋಗಿ ಮಜ್ಜಿಗೆಯಲ್ಲಿ ಕೈ ತೊಳೆಯದೆ ಕೂಸನ್ನು ಮುಟ್ಟುವುದಿಲ್ಲ. ಎದುರಿಗೆ ಗುಡ್ಡದ ಮೇಲೆ ಕರೆಂಟಿನ ಗಾಳಿಯಂತ್ರಗಳು ದಿನವಿಡೀ ತಿರುಗುತ್ತವೆ. ಅಷ್ಟು ಗಾಳಿಯಲ್ಲಿ ಒಂದು ಉಸಿರೂ ಕಣದ ಕಡೆ ಬರುವುದಿಲ್ಲ.

ನೀರು ಮನೆಯಿಂದ ಒಯ್ಯಬೇಕು. ಸೋಡಾ ಬಾಟಲಿಯ ನೀರು ಮಧ್ಯಾಹ್ನಕ್ಕೆ ಚಹಾ ಆಗಿರುತ್ತದೆ. ಆಫೀಸಿನಲ್ಲಿ ಫಿಲ್ಟರಿನ ತಣ್ಣನೆ ನೀರಿದೆ. ಅದು ನಮಗಲ್ಲ. ನಾವು ಮುಟ್ಟಿದ ಕಾಯಿ ಅವರ ಅಡುಗೆಮನೆಗೆ ಹೋಗುತ್ತದೆ, ನಾವು ಮುಟ್ಟಿದ ನಳ ಮೈಲಿಗೆಯಾಗುತ್ತದೆ. ಖರೇ ಹೇಳಬೇಕೆಂದರೆ ನಮ್ಮ ನೀರನ್ನೂ ನಾವು ಕುಡಿಯುತ್ತಿರಲಿಲ್ಲ. ಕುಡಿದರೆ ಹೊರಗೆ ಹೋಗಬೇಕು. ಸುತ್ತ ಬಟ್ಟಬಯಲು ಎರೆಭೂಮಿ, ಮರೆಗೆ ಒಂದು ಕಂಟಿ ಇಲ್ಲ, ಪಕ್ಕದಲ್ಲೇ ಬಸ್ಸು ಓಡಾಡುವ ರಸ್ತೆ. ಅದಕ್ಕೇ ತುಟಿ ತೋಯಿಸಿ ಬಾಟಲಿಯ ಮುಚ್ಚಳ ಬಿಗಿಯುತ್ತಿದ್ದೆವು.

ಇದನ್ನೆಲ್ಲ ತಾಳಿಕೊಂಡಿದ್ದೆವು. ತಾಳಲಾರದ್ದು ಕಡೆಯ ಕೆಲಸ. ಕೆಲಸ ಬಿಡುವ ಹೊತ್ತಿಗೆ ಬಿಸಿಲು ಇನ್ನೂ ಇಳಿದಿರುವುದಿಲ್ಲ. ಆ ಬಿಸಿಲಿನಲ್ಲಿ ತಗಡಿನ ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ನಿಲ್ಲಬೇಕು. ಅಲುಗಾಡುವ ಹಾಗಿಲ್ಲ. ಮೇಸ್ತ್ರಿ ಮೈಲಾರಿ ಒಬ್ಬೊಬ್ಬಳ ಮುಂದೆ ಬಂದು ನಿಲ್ಲುತ್ತಾನೆ. ಅವಳು ಉಡಿ, ಅಂದರೆ ಮಡಿಲಿನ ಸೆರಗು, ಬಿಚ್ಚಿ ಝಾಡಿಸಬೇಕು, ಕಾಯಿ ಕದ್ದಿಲ್ಲ ಎಂದು ತೋರಿಸಬೇಕು. ಅನುಮಾನ ಬಂದರೆ ಅವನು ಕೋಲಿನಿಂದ ನೆರಿಗೆ ಸರಿಸಿ ನೋಡುತ್ತಾನೆ. ಕೈ ಹಚ್ಚುವುದಿಲ್ಲ, ಹಚ್ಚಿದರೆ ಅವನು ಸ್ನಾನ ಮಾಡಬೇಕಲ್ಲ. ಈ ಸೀಮೆಯಲ್ಲಿ ಮನೆಗೆ ಬಂದ ಹೆಣ್ಣುಮಗಳಿಗೆ ಉಡಿ ತುಂಬಿ ಕಳಿಸುತ್ತಾರೆ. ನಮಗೆ ಉಡಿ ಝಾಡಿಸಿ ಕಳಿಸುತ್ತಿದ್ದರು.

ಅವತ್ತು ಮೈಲಾರಿ ಫೋನಿನಲ್ಲಿ ಮಾತಾಡುತ್ತ ಸಾವಕಾಶ ಬರುತ್ತಿದ್ದ. ಅವ್ವ ಸಾಲಿನ ಕೊನೆಗಿದ್ದಳು. ದಿನವಿಡೀ ಎಲ್ಲರಿಗಿಂತ ಚುರುಕಾಗಿ ದುಡಿದವಳು, ಕಾಯಿ ಹೊರಳಿಸುವಾಗ ಹಾಡು ಹೇಳಿದವಳು, ನಿಂತಲ್ಲೇ ಕುಸಿದಳು. ಸೆರಗು ಜಾರಿತು, ಸೀರೆ ಮೊಣಕಾಲಿಗೆ ಬಂತು. ರಸ್ತೆಯಲ್ಲಿ ಗಂಡಸರು ನಿಂತು ನೋಡತೊಡಗಿದರು. ನನಗೂ ಪಕ್ಕದ ಮನೆಯ ರಮಾಬಾಯಿಗೂ ಮೊದಲು ಹೊಳೆದದ್ದು ಮಾನ. ಇಬ್ಬರೂ ರಟ್ಟೆ ಹಿಡಿದು ಅವಳನ್ನು ಎತ್ತಿ ನಿಲ್ಲಿಸಿದೆವು. ನಿಲ್ಲಿಸಿದ ಕೂಡಲೇ ಕಣ್ಣು ಮೇಲಾದವು, ಕೈಯಿಂದ ಜಾರಿ ಬಿದ್ದಳು. ಬಿದ್ದು ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು ನನ್ನ ಹೆಸರು ಕರೆದಳು. ಮತ್ತೆ ಎತ್ತಿ ನಿಲ್ಲಿಸಿದೆವು. ಮತ್ತೆ ಬಿದ್ದಳು.

ಕಳಕೇಶ ಫ್ಯಾನು ಬಿಟ್ಟು ಎದ್ದು ಬಂದ. ಮೈಲಾರಿಯ ಕೋಲು ಇಸಿದುಕೊಂಡು ಅವ್ವನ ಉಡಿ ಸರಿಸಿದ. ನೆರಿಗೆಯಲ್ಲಿ ಸಿಕ್ಕಿದ್ದ ಒಂದಿಷ್ಟು ಕಾಯಿ ಉದುರಿದವು. ಕಾಯಿಯ ರಾಶಿಯಲ್ಲಿ ದಿನವಿಡೀ ಕೂತವಳ ಸೀರೆಯಲ್ಲಿ ಕಾಯಿ ಸಿಗದೆ ಮಲ್ಲಿಗೆ ಹೂವು ಸಿಗುತ್ತದೆಯೇ? ಅವನು ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಿದ.

"ಮಲಗಿಸಿದ್ರ ಕಣ್ಣ ತೆರೀತಾಳ, ನಿಂದ್ರಿಸಿದ್ರ ಮುಚ್ಚತಾಳ. ಇಡೀ ದಿನ ಇಲ್ಲದ್ದು ಉಡಿ ಝಾಡಸೂ ಹೊತ್ತಿಗೇ ಬರತೈತಿ ಇದಕ್ಕ. ಇದು ಕಳ್ಳರ ಬ್ಯಾನಿ. ಏ ಸಕ್ರೀ, ನಾಳೆಯಿಂದ ಈ ಕಡೆ ಹಾಯಬ್ಯಾಡ."

ನಾನು ಬಿಸಿಲಿಗೆ ಆಗಿದೆ ಎಂದೆ. ಅವನು ನಕ್ಕ. ನಿಮ್ಮ ಚರ್ಮಕ್ಕೆ ಬಿಸಿಲು ಹೊಸದೇನು, ನಿಮ್ಮದು ಬೇರೆ ಚರ್ಮ ಎಂದ.

ನಾವು ಕೇರಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ನಳದ ಹತ್ತಿರ ಅವ್ವ ಬಂದರೆ ಮಾತು ನಿಲ್ಲುತ್ತಿತ್ತು. ಕದಿಯುವವಳಾಗಿದ್ದರೆ ವರ್ಷಕ್ಕಾಗುವಷ್ಟು ಕದಿಯುತ್ತಿದ್ದೆ, ಒಂದು ಹೊತ್ತಿನ ಚಟ್ನಿಗಾಗಿ ಯಾರಾದರೂ ಹೆಸರು ಕೆಡಿಸಿಕೊಳ್ಳುತ್ತಾರೇನು ಎಂದು ಅವಳು ಮೊದಮೊದಲು ಜಗಳಾಡಿದಳು. ಆಮೇಲೆ ಜಗಳವೂ ನಿಂತಿತು. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತ ನನ್ನನ್ನು ಕೇಳಿದಳು.

"ಗೌತಮೀ, ನಾ ಖರೇನ ಸೋಗ ಹಾಕಿದ್ನೇನವಾ? ಮಲಕೊಂಡಾಗ ಆರಾಮ ಅನಸ್ತಿತ್ತು ನೋಡು."

ಕೆಲಸ ಕಳೆದುಕೊಂಡರೆ ಇನ್ನೊಂದು ಕಣ ಸಿಕ್ಕೀತು. ತನ್ನ ಮೇಲೆ ತನಗೇ ಅನುಮಾನ ಬರುವ ಹಾಗೆ ಮಾಡಿದ್ದರಲ್ಲ ಆ ಹಾಳು ಮಕ್ಕಳು. ಅವತ್ತೇ ಅವಳನ್ನು ಎಳಕೊಂಡು ಸರಕಾರಿ ದವಾಖಾನೆಗೆ ಹೋದೆ.

ಅಲ್ಲಿನ ಡಾಕ್ಟರು ನಾಹೀದ, ನರಗುಂದದ ಕಡೆಯ ಹುಡುಗಿ. ಅವಳು ಬಿಪಿ ನೋಡಿದಳು, ಎದೆ ನೋಡಿದಳು. ಬಿದ್ದಾಗ ಏನು ಮಾಡುತ್ತಿದ್ದಿರಿ ಎಂದು ಕೇಳಿದಳು. ಏನೂ ಮಾಡುತ್ತಿರಲಿಲ್ಲ, ಸುಮ್ಮನೆ ನಿಂತಿದ್ದೆ ಎಂದು ಅವ್ವ ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿ ಹೇಳಿದಳು. ನಾನು ಎತ್ತಿ ನಿಲ್ಲಿಸಿದ್ದನ್ನೂ ಹೇಳಿದೆ.

"ಅವ್ವಾರ, ನೀವು ಸೋಗ ಹಾಕಿಲ್ಲ," ಎಂದಳು ಡಾಕ್ಟರು. "ನಿಮ್ಮ ಮೈ ತನ್ನ ಕೆಲಸ ತಾ ಮಾಡೇತಿ. ನಿಂದ್ರಿಸಿದವ್ರದು ತಪ್ಪು."

ಆಮೇಲೆ ಬಿಡಿಸಿ ಹೇಳಿದಳು. ಚರ್ಮದ ಕೆಳಗೆಲ್ಲ ಸಣ್ಣ ಸಣ್ಣ ರಕ್ತನಾಳಗಳು ಇರುತ್ತವಂತೆ. ಅವಕ್ಕೆ ಎರಡು ತರಹದ ನರಗಳು ಹೋಗುತ್ತವೆ. ಒಂದು ನಾಳವನ್ನು ಬಿಗಿಯುವುದು, ಇನ್ನೊಂದು ಸಡಿಲಿಸುವುದು. ಚಳಿಯಲ್ಲಿ ಬಿಗಿಯುವ ನರ ಜೋರು ಮಾಡುತ್ತದೆ. ಮೈ ಒಳಗೆ ಕಾವು ಏರಿದರೆ ಮಿದುಳಿಗೆ ಗೊತ್ತಾಗುತ್ತದೆ. ಮೊದಲು ಬಿಗಿದದ್ದು ಬಿಡುತ್ತದೆ, ಆಮೇಲೆ ಸಡಿಲಿಸುವ ನರ ನಾಳಗಳನ್ನು ಅಗಲವಾಗಿ ತೆರೆಯುತ್ತದೆ. ಒಳಗಿನ ಬಿಸಿ ರಕ್ತ ಚರ್ಮಕ್ಕೆ ನುಗ್ಗುತ್ತದೆ. ಅಲ್ಲಿ ಬೆವರು ಆರಿದಂತೆ ಕಾವು ಹೊರಗೆ ಹೋಗುತ್ತದೆ, ತಂಪಾದ ರಕ್ತ ಒಳಗೆ ಮರಳುತ್ತದೆ. ಅಷ್ಟು ರಕ್ತ ಪೂರೈಸಲು ಎದೆ ಓಡೋಡಿ ದುಡಿಯುತ್ತದೆ.

ಅವ್ವನಿಗೆ ಅರ್ಥವಾಗಲಿಲ್ಲ ಅನ್ನುವುದು ಅವಳ ಮುಖದಲ್ಲೇ ಇತ್ತು. ಡಾಕ್ಟರು ಖುರ್ಚಿ ಹತ್ತಿರ ಎಳೆದುಕೊಂಡಳು. ಅವಳ ಅಪ್ಪನ ಹೊಲ ಮಲಪ್ರಭಾ ಕಾಲುವೆಯ ಕಟ್ಟಕಡೆಗಿದೆ. ಮೇಲಿನವರೆಲ್ಲ ಒಮ್ಮೆಗೇ ತೂಬು ತೆಗೆದರೆ ಇವರ ಹೊಲಕ್ಕೆ ನೀರು ಮುಟ್ಟುವುದಿಲ್ಲ.

"ಬಿಸಿಲಾಗ ಮೈ ತುಂಬ ತೂಬು ತೆಗದಿರತಾವ. ನಿಂತಾಗ ತಲಿ ಅನ್ನೂದು ಕಡೀ ಹೊಲ," ಎಂದಳು. "ಅಡ್ಡಾಡಿದ್ರ ಕಾಲಿನ ಮೀನಖಂಡ ಹಿಂಡಿ ಹಿಂಡಿ ರಕ್ತಾನ ಮ್ಯಾಲ ಕಳಸತೈತಿ. ಸುಮ್ಮ ನಿಂತ್ರ ಕಾಲಾಗ ನಿಂದರತೈತಿ. ತಲಿ ಒಣಗತೈತಿ. ಮಲಗಿದ್ರ ಎಲ್ಲಾ ಹೊಲಾನೂ ಸಮಾ ಆತು."

ನೀರು ಕಡಿಮೆ ಕುಡಿದವರಿಗೆ ಇನ್ನೂ ಕೇಡು ಎಂದಳು. ರಕ್ತ ಸಾಲದೆ ಮೈ ಹೆದರುತ್ತದೆ, ಚರ್ಮದ ತೂಬು ಮುಚ್ಚಿಕೊಳ್ಳುತ್ತದೆ, ಕಾವು ಒಳಗೇ ಕೂಡಿಬಿಡುತ್ತದೆ, ಅದು ಜೀವ ತೆಗೆಯುತ್ತದೆ. ಯಾಕೆ ನೀರು ಕುಡಿಯುವುದಿಲ್ಲ ಎಂದು ನಮ್ಮನ್ನೇ ಬೈದಳು. ನಾವು ಕಾರಣ ಹೇಳಿದೆವು. ಅದಕ್ಕೆ ತನ್ನ ಹತ್ತಿರ ಔಷಧ ಇಲ್ಲ ಎಂದಳು.

ನಾನು ಹೊರಡುವ ಮುಂಚೆ ಕೇಳಿಯೇ ಬಿಟ್ಟೆ, ನಮ್ಮ ಚರ್ಮ ಬೇರೆಯೇ ಎಂದು. ಡಾಕ್ಟರು ನಕ್ಕಳು. ಬಿಸಿಲಿನಲ್ಲಿ ದುಡಿದು ರೂಢಿಯಾದ ಮೈ ಬೇಗ ಬೆವರುತ್ತದೆ, ಹೆಚ್ಚು ಬೆವರುತ್ತದೆ, ಹಾಗಾಗಿ ಅಂಥವರಿಗೆ ನೀರು ಹೆಚ್ಚು ಬೇಕು, ಕಡಿಮೆ ಅಲ್ಲ. ತೂಬು ಮಾತ್ರ ಎಲ್ಲರ ಮೈಯಲ್ಲೂ ಒಂದೇ ಎಂದಳು.

ಅವ್ವ ಬಸ್ಸಿನಲ್ಲಿ ಪಕ್ಕದವಳಿಗೆ ಹೇಳಿದಳು, ಹಿಂದಿನವಳಿಗೆ ಹೇಳಿದಳು, ಟಿಕೀಟು ಕೊಡಲು ಬಂದ ಕಂಡಕ್ಟರಿಗೂ ಹೇಳಿದಳು. ನನ್ನ ತಲೆ ಕಡೆಯ ಹೊಲ, ನಾನು ಸೋಗು ಹಾಕಿಲ್ಲ. ಅವನು ಹೌದವ್ವಾ ಎಂದು ಮುಂದೆ ಹೋದ. ರಾಜೂರ ಬರುವಷ್ಟರಲ್ಲಿ ನಮ್ಮವ್ವ ಮತ್ತೆ ನಮ್ಮವ್ವ ಆಗಿದ್ದಳು.

ಮರುದಿನ ನಾನು ಕಣಕ್ಕೆ ಹೊರಟಾಗ ಅವಳೂ ಜೊತೆ ಹೊರಟಳು. ಒಳಗೆ ಬಿಡುವುದಿಲ್ಲ ಎಂದರೆ ಗೇಟಿನ ಹೊರಗೆ ಕೂರುತ್ತೇನೆ, ರಸ್ತೆ ಸಾವ್ಕಾರರ ಅಪ್ಪನದಲ್ಲ ಎಂದಳು. ಕೂತಳು. ನಾನು ಕಾಯಿಯ ನಡುವೆ ಕೂತು ಹೆಂಗಸರಿಗೆ ತೂಬಿನ ವಿಷಯ ಹೇಳಿದೆ. ರಮಾಬಾಯಿ ತನ್ನ ಕೈಗಳನ್ನೇ ನೋಡಿಕೊಂಡಳು. ಆವತ್ತು ಎತ್ತಿ ನಿಲ್ಲಿಸಿದ ಕೈಗಳು ಅವು. ಅವಳು ದಿನವಿಡೀ ಮಾತಾಡಲಿಲ್ಲ. ರಮಾಬಾಯಿ ಮಾತಾಡದೆ ಇದ್ದರೆ ಏನೋ ಆಗಲಿದೆ ಎಂದೇ ಅರ್ಥ.

ಕೆಲಸ ಬಿಟ್ಟಿತು. ಮೈಲಾರಿ ಸಾಲು ಎಂದು ಕೂಗಿದ. ರಮಾಬಾಯಿ ತಗಡಿನ ಹತ್ತಿರ ಹೋದಳು, ಬೆನ್ನು ಹಚ್ಚಿದಳು, ಜರ್ರನೆ ಇಳಿದು ನೆಲಕ್ಕೆ ಕೂತಳು.

"ನಾ ನಿಂದ್ರಂಗಿಲ್ಲ," ಎಂದಳು. "ಝಾಡಸಂಗೂ ಇಲ್ಲ."

ನಾನು ಕೂತೆ. ಆಚೆಯವಳು ಕೂತಳು. ಸಾಲಿಗೆ ಸಾಲೇ ಕೂತಿತು. ಮೈಲಾರಿ ಕೋಲು ಹಿಡಿದು ಅತ್ತಿತ್ತ ಅಡ್ಡಾಡಿದ. ಕೂತವಳ ಉಡಿ ನೋಡುವುದು ಹೇಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

ಕಳಕೇಶ ಬಂದು ಕೂಗಾಡಿದ. ಇಟಗಿಯಿಂದ ಹೆಂಗಸರನ್ನು ತರಿಸುತ್ತೇನೆ ಎಂದ. ತರಿಸಿರಿ, ಅವರಿಗೂ ತಲೆ ಮೇಲೆಯೇ ಇದೆ ಎಂದಳು ರಮಾಬಾಯಿ. ಲಾರಿ ಬರುವುದಿತ್ತು, ಅರ್ಧ ಕಾಯಿಯ ತೊಟ್ಟು ಇನ್ನೂ ಮುರಿದಿರಲಿಲ್ಲ. ಅದಕ್ಕೇ ಅವನು ದನಿ ಇಳಿಸಿ ಏನು ಕಥೆ ಎಂದು ಕೇಳಿದ. ನಾನು ಎದ್ದು ಹೇಳಿದೆ. ಕೇಳಿ ಹೊಟ್ಟೆ ಹಿಡಿದು ನಕ್ಕ. ಜಿಮ್ಮಿನಲ್ಲಿ ತಾನು ಎತ್ತುವ ಭಾರ ಎಷ್ಟು ಗೊತ್ತೇನು ಎಂದ. ಸುಮ್ಮನೆ ನಿಂತವರು ಬೀಳುತ್ತಾರಂತೆ ಎಂದು ಮೈಲಾರಿಗೆ ನಮ್ಮನ್ನು ತೋರಿಸಿ ನಕ್ಕ.

ಆಗ ಗೇಟಿನ ಹೊರಗಿಂದ ಅವ್ವನ ದನಿ ಬಂತು.

"ಸಣ್ಣ ಸಾವ್ಕಾರ್ರ, ನಾಳೆ ನಮ್ಮ ಜೋಡಿ ದುಡದು ಈ ಸಾಲಿನ್ಯಾಗ ನಿಂದರ್ರಿ. ನೀವು ನಿಂತ್ರಿ ಅಂದ್ರ ನಾ ಕಳ್ಳಿ ಅಂತ ಊರ ಮುಂದ ಒಪ್ಪಕೋತೀನಿ. ಬಿದ್ರಿ ಅಂದ್ರ, ಅಂದ ಜಾಗದಾಗ ಅಂದ ಮಾತು ಹಿಂದಕ್ಕ ತಗೋಬೇಕು."

ಅವನು ಆಗಲಿ ಎಂದುಬಿಟ್ಟ. ನನಗೆ ಅವ್ವನ ಮೇಲೆ ಕೆಂಡದಂಥ ಸಿಟ್ಟು ಬಂತು. ಉಳಿದಿದ್ದ ಒಂದು ಹೆಸರನ್ನೂ ಪಂದ್ಯಕ್ಕೆ ಕಟ್ಟಿ ಕೂತಿದ್ದಳು. ದಾರಿಯುದ್ದಕ್ಕೂ ಬೈದೆ. ಅವಳು ಬಾಟಲಿಯ ನೀರು ಗಟಗಟ ಕುಡಿಯುತ್ತ ನಡೆದಳು.

ಮರುದಿನ ಕಳಕೇಶ ಟೊಪ್ಪಿಗೆ ಹಾಕಿ, ಕರಿ ಕನ್ನಡಕ ಏರಿಸಿ ಕಾಯಿಯ ನಡುವೆ ಬಂದು ಕೂತ. ಮದುವಣಿಗ ಬಂದ ಹಾಗೆ ಎಲ್ಲರೂ ಜಾಗ ಬಿಟ್ಟೆವು. ತೊಟ್ಟು ಮುರಿಯಲು ಬರುತ್ತಿರಲಿಲ್ಲ, ಕಾಯಿಯನ್ನೇ ಮುರಿಯುತ್ತಿದ್ದ. ಸೀನಿದ. ಸೀನಿ ಸೀನಿ ಕನ್ನಡಕ ತೆಗೆದು ಅದೇ ಕೈಯಿಂದ ಕಣ್ಣು ಒರೆಸಿಕೊಂಡ. ಆಮೇಲೆ ಅವನು ಕುಣಿದದ್ದನ್ನು ನೋಡಿ ನಮ್ಮ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ಅವ್ವ ಗೇಟಿನಿಂದಲೇ ನೀರು ಕುಡಿಯಿರಿ ಎಂದು ಕೂಗಿ ಹೇಳಿದಳು. ನೀವು ಕುಡಿಯುತ್ತೀರೇನು, ನನಗೂ ಬೇಡ ಎಂದ. ಹಟ ಇತ್ತು ಅವನಿಗೆ, ಅದನ್ನು ನಾನು ಇಲ್ಲ ಅನ್ನುವುದಿಲ್ಲ.

ಮಧ್ಯಾಹ್ನ ಕಾಯಿ ಹೊರಳಿಸಲು ಎದ್ದೆವು. ಅವನ ಬಿಳಿ ಮುಖ ಕಾಯಿಯಷ್ಟೇ ಕೆಂಪಾಗಿತ್ತು. ಕುತ್ತಿಗೆ ಕೆಂಪು, ತೋಳು ಕೆಂಪು. ಮೈಯೊಳಗಿನ ರಕ್ತವೆಲ್ಲ ಚರ್ಮಕ್ಕೆ ಬಂದು ನಿಂತಿತ್ತು. ನಮಗೂ ಹಾಗೆಯೇ ಬರುತ್ತದೆ, ನಮ್ಮ ಕಪ್ಪಿನಲ್ಲಿ ಕಾಣುವುದಿಲ್ಲ. ಅಷ್ಟೇ ವ್ಯತ್ಯಾಸ. ಕಾಣದ್ದನ್ನು ಇಲ್ಲವೆಂದು ಇಷ್ಟು ವರ್ಷ ನಡೆಸಿದ್ದರು. ಕೈಗಡಿಯಾರ ಮಾತ್ರ ಸುಮ್ಮನಿರಲಿಲ್ಲ, ಮೇಲಿಂದ ಮೇಲೆ ಪೀಂ ಪೀಂ ಎಂದು ಬೈಯುತ್ತಿತ್ತು.

ಕೆಲಸ ಬಿಡುವ ಹೊತ್ತಿಗೆ ಅವನು ತಗಡಿಗೆ ಬೆನ್ನು ಹಚ್ಚಿ ನಿಂತ. ಎದೆ ಉಬ್ಬಿಸಿ ನಿಂತ. ಸಾಲಿನ ಕೊನೆಯ ಜಾಗ, ಅವ್ವ ನಿಂತಿದ್ದ ಜಾಗ. ಉಳಿದವರೆಲ್ಲ ನೆಲಕ್ಕೆ ಕೂತೆವು. ರಮಾಬಾಯಿ ಎದ್ದು ಬಂದಳು. ಇಂದು ಉಡಿ ಸರಿಯಾಗಿ ಝಾಡಿಸುತ್ತೇನೆ, ಮೈಲಾರಿ, ಸರಿಯಾಗಿ ನೋಡು ಎಂದಳು. ಸೆರಗಿನ ಒಂದು ಗಂಟು ಬಿಚ್ಚಿದಳು. ಎಲೆಅಡಿಕೆ ಚೀಲ ತೆಗೆದಳು, ಅಡಿಕೆ ತೋರಿಸಿದಳು, ಸುಣ್ಣದ ಡಬ್ಬಿ ತೋರಿಸಿದಳು. ಆ ಡಬ್ಬಿಯನ್ನು ಯಾವ ಜಾತ್ರೆಯಲ್ಲಿ ಕೊಂಡದ್ದು, ಜೊತೆಗೆ ಯಾರಿದ್ದರು, ಅವರ ಸೊಸೆ ಎಂಥವಳು ಎಲ್ಲ ಹೇಳಿದಳು. ಮೈಲಾರಿ ಕೋಲು ಊರಿ ಕೇಳುತ್ತ ನಿಂತ.

ಕಳಕೇಶನ ಕೆಂಪು ಮುಖ ಬೂದಿಯ ಬಣ್ಣಕ್ಕೆ ತಿರುಗಿದ್ದನ್ನು ನಾನು ನೋಡಿದೆ. ಕೂತುಕೊಳ್ಳಿರಿ ಎಂದೆ. ಏನಿಲ್ಲ ಎಂದು ಕೈ ಎತ್ತಿದ. ಎತ್ತಿದ ಕೈ ಹಾಗೇ ಇಳಿಯಿತು. ಮೊಣಕಾಲು ಮಡಿಚಿತು. ಪಕ್ಕದ ಕಾಯಿಯ ರಾಶಿಯ ಮೇಲೆ ಮೆತ್ತಗೆ ಒರಗಿಬಿಟ್ಟ.

ಮೈಲಾರಿ ಓಡಿ ಬಂದು ರಟ್ಟೆ ಹಿಡಿದು ಎತ್ತಿ ನಿಲ್ಲಿಸಲು ಹೊರಟ. ಅಷ್ಟರಲ್ಲಿ ಅವ್ವ ಯಾರನ್ನೂ ಕೇಳದೆ ಗೇಟು ದಾಟಿ ಒಳಗೆ ಬಂದಿದ್ದಳು. ಎತ್ತಬೇಡ ಎಂದು ಅವನ ಕೈ ಬಿಡಿಸಿದಳು. ಕಳಕೇಶನನ್ನು ನೆಲಕ್ಕೆ ಮಲಗಿಸಿ, ಅವನ ಎರಡೂ ಕಾಲು ಎತ್ತಿ ತುಂಬಿದ ಚೀಲದ ಮೇಲಿಟ್ಟಳು. ಅವನು ಕಣ್ಣು ತೆರೆದ. ಎಲ್ಲಿದ್ದೇನೆ ಎಂದು ತಿಳಿಯದೆ ಅವ್ವನ ಕೈ ಗಟ್ಟಿಯಾಗಿ ಹಿಡಿದುಕೊಂಡ. ಹೆದರಿದ್ದ ಪಾಪ. ನನಗೂ ಪಾಪ ಅನ್ನಿಸಿತು. ಅವ್ವ ತನ್ನ ಬಾಟಲಿ ಅವನ ಬಾಯಿಗೆ ಹಿಡಿದಳು. ಕಚ್ಚಿಕೊಂಡು ಕುಡಿದ. ಮೈಲಿಗೆ ಆ ಹೊತ್ತಿಗೆ ಯಾವ ಊರಿಗೆ ಹೋಗಿತ್ತೋ, ಯಾರೂ ಕೇಳಲಿಲ್ಲ.

"ಮಲಗಿಸಿದ್ರ ಕಣ್ಣ ತೆರದ್ರು," ಎಂದಳು ರಮಾಬಾಯಿ. "ಕಿಸೇ ನೋಡ್ರಿ ಒಂದೀಟು."

ನೋಡುವ ಕೆಲಸವೇ ಇರಲಿಲ್ಲ. ಕಾಲು ಮೇಲಿಟ್ಟದ್ದಕ್ಕೆ ಪ್ಯಾಂಟಿನ ಕಿಸೆಯಿಂದ ಕಾಯಿ ತಾವಾಗಿಯೇ ಉದುರುತ್ತಿದ್ದವು. ಮೊದಲು ನಕ್ಕವಳು ಯಾರೋ ಗೊತ್ತಿಲ್ಲ. ಆಮೇಲೆ ಇಡೀ ಕಣವೇ ನಕ್ಕಿತು. ಅವ್ವ ಮಾತ್ರ ನಗಲಿಲ್ಲ. ಅವಳಿಗೆ ಬೇಕಾದ್ದು ಇನ್ನೂ ಸಿಕ್ಕಿರಲಿಲ್ಲ.

ಕಳಕೇಶ ಎದ್ದು ಕೂತ. ನಾಳೆಯಿಂದ ಕೆಲಸಕ್ಕೆ ಬಾ ಎಂದು ನೆಲ ನೋಡುತ್ತ ಹೇಳಿದ. ಅದು ಬೇಡ, ಅಂದ ಜಾಗದಲ್ಲಿ ಅನ್ನಿರಿ ಎಂದಳು ಅವ್ವ. ಅವನು ಮೈಲಾರಿಯ ಹೆಗಲು ಹಿಡಿದು ತಗಡಿನ ಹತ್ತಿರ ಹೋದ. ರಸ್ತೆಯಲ್ಲಿ ರೋಣದ ಬಸ್ಸು ಹಾರ್ನ್ ಬಾರಿಸುತ್ತ ಬರುತ್ತಿತ್ತು. ಅದರ ಸಪ್ಪಳದಲ್ಲಿ ತುಟಿ ಅಲುಗಾಡಿಸಿ ಮುಗಿಸಿದ.

"ಬಸ್ಸು ಹೋಗ್ಲಿ," ಎಂದಳು ಅವ್ವ. "ಆಮ್ಯಾಲ ಅನ್ರಿ. ನನಗೇನೂ ಅವಸರ ಇಲ್ಲ."

ಬಸ್ಸು ಹೋಯಿತು. ಕಳಕೇಶ ದನಿ ಎತ್ತಿದ.

"ಸಕ್ರವ್ವ ಕಳ್ಳಿ ಅಲ್ಲ. ನಾ ಅಂದದ್ದು ತಪ್ಪು."

ಸಕ್ರೀ ಅನ್ನಲಿಲ್ಲ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳ ಕೈಯಲ್ಲಿ ಕಾಯಿಯ ಖಾರ ಇರಲಿಲ್ಲ, ಆದರೂ ಕಣ್ಣು ಕೆಂಪಾಗಿದ್ದವು.

ಮರುದಿನ ಕಣಕ್ಕೆ ಹಸಿರು ಬಲೆಯ ನೆರಳು ಬಂತು. ಫಿಲ್ಟರಿನ ನಳ ಹೊರಗೆ ಬಂತು. ಪಾಯಖಾನೆಯ ಮಾತಿಗೆ ಮಾತ್ರ ದ್ಯಾಮಪ್ಪ ಸಾವ್ಕಾರರಿಗೆ ಕಿವಿ ಕೇಳುವುದಿಲ್ಲ. ಅದರ ಜಗಳ ಇನ್ನೂ ನಡೆದಿದೆ, ನಾವೂ ಬಿಡುವವರಲ್ಲ. ಉಡಿಯ ಸಾಲಿನ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ.

ಕೆಲಸ ಬಿಡುವ ಹೊತ್ತಿಗೆ ಮೈಲಾರಿ ರೂಢಿಯಂತೆ ತಗಡಿನ ಹತ್ತಿರ ಹೋಗಿ ಕೋಲು ಹಿಡಿದು ನಿಂತ. ನಾವು ಸೆರಗು ಕೊಡವಿ, ಬಾಟಲಿ ತುಂಬಿಕೊಂಡು, ಮಾತಾಡುತ್ತ ಅವನ ಮುಂದೆಯೇ ಹಾದು ಗೇಟಿನ ಕಡೆ ನಡೆದೆವು. ಒಬ್ಬಳೂ ನಿಲ್ಲಲಿಲ್ಲ. ಎಲ್ಲರಿಗಿಂತ ಹಿಂದೆ ಅವ್ವ ಬಂದಳು. ಬಿಸಿಲಿನಲ್ಲಿ ಒಬ್ಬನೇ ನಿಂತವನನ್ನು ಕಂಡು ಅವಳ ಕಾಲು ತಡೆಯಿತು.

"ಹಿಂಗ ನಿಂದ್ರಬ್ಯಾಡೋ ತಮ್ಮಾ," ಎಂದಳು. "ಅಡ್ಡಾಡು, ಇಲ್ಲಾ ಕುಂದ್ರು."

ಮೈಲಾರಿ ಆಚೀಚೆ ನೋಡಿದ. ಕೋಲು ಕೆಳಗಿಟ್ಟ. ಕೂತ.